ಕೆಲ್ಟಿಕ್ ಚಿನ್ನದ ನಾಣ್ಯದ ‘ಕೆತ್ತನೆ ತಪ್ಪಿಗೆ’ ಹೆಚ್ಚು ಹಣ ಕೊಡುವ ಮೊದಲು

ಪ್ರಾಚೀನ ಬ್ರಿಟನ್ನಿನ ಕೆಲ್ಟ್ ಜನರ ದೊರೆ ಅದ್ದೆದೊಮಾರೊಸ್‌ನ ಚಿನ್ನದ ಸ್ಟೇಟರ್ (ಆ ಕಾಲದ ಒಂದು ಬಗೆಯ ನಾಣ್ಯ) ಒಂದು ‘ಅಪರೂಪದ ಕೆತ್ತನೆ ತಪ್ಪು’ ಎಂಬ ಹೆಸರಲ್ಲಿ ಮಾಮೂಲಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ದೊರೆಯ ಹೆಸರಿನಲ್ಲಿ ರೋಮನ್ ಅಕ್ಷರ ‘ಇ’ (E) ಇರಬೇಕಾದಲ್ಲಿ ಎರಡು ನೇರ ಗೀಟು, ‘ಡಿ’ (D) ಜಾಗದಲ್ಲಿ ಗ್ರೀಕರ ಥೀಟಾದಂಥ ದುಂಡಕ್ಷರ. ಮಾರಿದವರು ತಪ್ಪೆಂದು ತೋರಿಸಿದ್ದು ಇದನ್ನೇ. ಆದರೆ ಕೆಲ್ಟರು ‘ಇ’ಯನ್ನು ಹಾಗೂ ಬರೆಯುತ್ತಿದ್ದರು, ಆ ದುಂಡಕ್ಷರ ಅವರ ನುಡಿಯ ಒಂದು ದನಿಗೆ ಮೀಸಲು. ಅದೇ ದೊರೆಯ ಬೇರೆ ನಾಣ್ಯಗಳಲ್ಲೂ ಇದೇ ಬರಹವಿದೆ. ಕೊಂಡವರು ತೆತ್ತ ಹೆಚ್ಚುವರಿ ಹಣ ಪೂರ್ತಿ ನಷ್ಟ.

ಕೆಲ್ಟಿಕ್ ನಾಣ್ಯಗಳಲ್ಲಿ ಚೂರುಚೂರಾಗಿ ಕಾಣುವ ಕುದುರೆಯೂ ತಪ್ಪಲ್ಲ. ಮೂಲ ಮಾದರಿ ಮ್ಯಾಸಿಡೋನಿಯದ 2ನೇ ಫಿಲಿಪ್‌ನ ಸ್ಟೇಟರ್: ಒಂದು ಬದಿ ಅಪೊಲೊನ ತಲೆ, ಇನ್ನೊಂದು ಬದಿ ಜೋಡಿ ಕುದುರೆಯ ರಥ. ನಕಲಿನ ಮೇಲೆ ನಕಲಾಗುತ್ತ ತಲೆಯಲ್ಲಿ ಎಲೆಮಾಲೆಯಷ್ಟೇ ಉಳಿಯಿತು, ರಥದ ಕುದುರೆ ಚೂರಾಯಿತು, ಫಿಲಿಪ್‌ನ ಹೆಸರು ಬರೀ ಗೀಟುಗಳಾಯಿತು. ಅಕ್ಷರ ಕಾಣೆಯಾದರೂ ಅಷ್ಟೇ. ನಾಣ್ಯವಾಗುವ ಲೋಹದ ಬಿಲ್ಲೆ, ಪೆಟ್ಟು ಕೊಟ್ಟು ಚಿತ್ರ ಮೂಡಿಸುವ ಅಚ್ಚಿಗಿಂತ ಚಿಕ್ಕದಾದ್ದರಿಂದ ಬರಹದ ತುದಿ ಹೊರಗುಳಿಯುತ್ತದೆ. ಇನ್ನೊಬ್ಬ ಕೆಲ್ಟ್ ದೊರೆ ಟಿಂಕೊಮಾರುಸ್‌ನ ಹೆಸರನ್ನು ವಿದ್ವಾಂಸರೇ ಬಹುಕಾಲ ‘ಟಿಂಕೊಮಿಯುಸ್’ ಎಂದು ಓದಿದ್ದರು. 1996ರಲ್ಲಿ ಇಂಗ್ಲೆಂಡಿನ ಆಲ್ಟನ್‌ನಲ್ಲಿ ಸಿಕ್ಕ ನಿಧಿಯಿಂದ ಪೂರ್ತಿ ಹೆಸರು ತಿಳಿಯಿತು.

ನಿಜವಾದ ಕೆತ್ತನೆ ತಪ್ಪು ಇರುವುದು ಅಚ್ಚಿನಲ್ಲಿ. ಅಚ್ಚಿನಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕು. ಮರೆತು ನೇರವಾಗಿ ಕೆತ್ತಿದರೆ ನಾಣ್ಯದ ಮೇಲೆ ಉಲ್ಟಾ ಮೂಡುತ್ತದೆ, ಆ ಅಚ್ಚಿನ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ. ಹಾಗಾಗಿ ಅದೇ ಅಚ್ಚಿನ ಇನ್ನೊಂದು ನಾಣ್ಯದ ಚಿತ್ರ ಕೇಳಿ. ಆಕ್ಸ್‌ಫರ್ಡ್‌ನ ಕೆಲ್ಟಿಕ್ ನಾಣ್ಯ ಸೂಚಿಯಲ್ಲೂ (Celtic Coin Index) ಹುಡುಕಿ. ಜೊತೆ ನಾಣ್ಯದಲ್ಲಿ ಆ ತಪ್ಪು ಇಲ್ಲದಿದ್ದರೆ ಅದು ಎರಡು ಸಲ ಬಿದ್ದ ಪೆಟ್ಟು, ಅಚ್ಚಿನಲ್ಲಿ ಸೇರಿದ ಕಸ, ಇಲ್ಲವೇ ಆಮೇಲೆ ಯಾರೋ ಕೊರೆದದ್ದು. ತಪ್ಪಿನ ಜೊತೆಗೆ ಅಂಚಿನ ಬಿರುಕು, ಸಣ್ಣ ಗುಳಿಗಳೂ ಎರಡು ನಾಣ್ಯಗಳಲ್ಲಿ ಒಂದೇ ಥರ ಇದ್ದರೆ ದಯವಿಟ್ಟು ಮುಟ್ಟಬೇಡಿ. ಅಚ್ಚು ಒಂದಾದರೂ ಬಿರುಕು ಒಂದಾಗದು. ಅದು ಎರಕದ ನಕಲಿ.

ಕೊನೆಗೆ ನೀರಿನ ಪರೀಕ್ಷೆ. 0.01 ಗ್ರಾಂ ತೋರುವ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೂಲಿಗೆ ಕಟ್ಟಿ ಮುಳುಗಿಸಿ. ತಳ, ಪಕ್ಕ ತಾಗಬಾರದು, ಗುಳ್ಳೆ ಅಂಟಿರಬಾರದು. ಸುಮಾರು 40% ಚಿನ್ನವಿರುವ, 5.4 ಗ್ರಾಂ ತೂಕದ ಕೆಲ್ಟ್ ದೊರೆ ಕುನೊಬೆಲಿನ್‌ನ ಸ್ಟೇಟರ್‌ಗೆ ತಕ್ಕಡಿಯಲ್ಲಿ 0.45 ಗ್ರಾಂ ಆಸುಪಾಸು ಬರಬೇಕು. 0.60ರ ಹತ್ತಿರ ಬಂದರೆ ಒಳಗೆ ತಾಮ್ರ, ಮೇಲೆ ಚಿನ್ನದ ಮುಲಾಮು. ಅಂಥವನ್ನು ಹಿಂದಿನ ಕಾಲದಲ್ಲೂ ಮಾಡುತ್ತಿದ್ದರು, ಹಳೆಯದೇ ಆಗಿದ್ದರೂ ಚಿನ್ನದ ನಾಣ್ಯದ ಬೆಲೆ ಕೊಡಬೇಡಿ. ಸರಿಯಾದ ಮಿಶ್ರಲೋಹದಲ್ಲಿ ಮಾಡಿದ ನಕಲಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದ್ದರಿಂದ ಅಂಚಿನ ಚಿತ್ರ ಕೊಡದವರ ಹತ್ತಿರ ವ್ಯವಹಾರವೇ ಬೇಡ.