ಲೈಪೊಸಕ್ಷನ್ ಆದ ಮೇಲೆ ನಿದ್ದೆ: ರಿಕ್ಲೈನರ್ ಮೇಲೋ, ಮಂಚದ ಮೇಲೋ?

ಹೊಟ್ಟೆಯ ಕೊಬ್ಬು ತೆಗೆಸಿಕೊಂಡವರಿಗೆ ಮೊದಲ ಕೆಲವು ರಾತ್ರಿ ನನ್ನ ಓಟು ರಿಕ್ಲೈನರ್‌ಗೆ, ಅಂದರೆ ಹಿಂದಕ್ಕೆ ವಾಲಿಸಿ ಕಾಲು ಚಾಚಬಹುದಾದ ಕುರ್ಚಿಗೆ. ಬೆನ್ನು 30-45 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ನಿದ್ದೆಗಣ್ಣಲ್ಲಿ ಹೊರಳುವ ಭಯವಿಲ್ಲ, ಏಳುವಾಗ ಹೊಟ್ಟೆ ಬಿಗಿಯಬೇಕಿಲ್ಲ. ಆದರೆ ಕಾಲು ಇಳಿಬಿಟ್ಟು ಮಲಗಬೇಡಿ, ಊತ ಜಾಸ್ತಿಯಾಗುತ್ತದೆ.

ಮಂಚಕ್ಕೆ ಹೊಸ ಖರ್ಚಿಲ್ಲ, ಅಲ್ವಾ? ಬೆನ್ನಿಗೆ ಎರಡು ಮೂರು ದಿಂಬು, ಮಂಡಿಯ ಕೆಳಗೊಂದು. ನಡುರಾತ್ರಿ ಅವು ಜಾರುವುದೇ ತಲೆನೋವು. ಎರಡೂ ಪಕ್ಕ ಕಂಬಳಿ ಸುತ್ತಿ ಒತ್ತಿಡಿ.

ಎಲ್ಲೇ ಮಲಗಿ, ಕೆಳಗೆ ರಬ್ಬರ್ ಶೀಟು, ಹಳೇ ಟವೆಲ್ ಇರಲಿ. ಮೊದಲ ಒಂದೆರಡು ದಿನ ಗಾಯದಿಂದ ತೆಳುಗೆಂಪು ನೀರು ಸೋರುವುದು ಸಾಮಾನ್ಯ. ಬೆನ್ನಿಗೆ ಮಾಡಿಸಿದ್ದರೆ ಲೆಕ್ಕವೇ ಬೇರೆ, ಡಾಕ್ಟರನ್ನೇ ಕೇಳಿ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.