ಕುಂಡಗಳ ಕಳೆಗೆ ತೆಂಗಿನ ಸಿಪ್ಪೆಯ ಹೊದಿಕೆ: ಕೆಲವು ಮಳೆಗಾಲಗಳ ಬಳಕೆಯ ನಂತರ

ಬೆಂಗಳೂರಿನ ನರ್ಸರಿಗಳಲ್ಲಿ ಕಾಯರ್ ಚಿಪ್ಸ್ ಅಥವಾ ಹಸ್ಕ್ ಚಿಪ್ಸ್ ಎಂಬ ಹೆಸರಿನಲ್ಲಿ ಚೀಲಗಟ್ಟಲೆ ಸಿಗುವ ತೆಂಗಿನ ಸಿಪ್ಪೆಯ ಚೂರನ್ನು ನಮ್ಮ ತಾರಸಿಯ ಕುಂಡಗಳಿಗೆ ಹೊದಿಕೆಯಾಗಿ ಹಾಕುತ್ತ ಬಂದು ಕೆಲವು ಮಳೆಗಾಲಗಳು ಕಳೆದಿವೆ. ಬೀಜದಿಂದ ಹುಟ್ಟುವ ಕಳೆಗಳ ಮಟ್ಟಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಗೆಡ್ಡೆಯಿಂದಲೋ ಬೇರಿನ ತುಂಡಿನಿಂದಲೋ ಚಿಗುರುವ ಕಳೆಗಳಿಗೆ ಮಾತ್ರ ಇದರಿಂದ ಏನೂ ಆಗುವುದಿಲ್ಲ. ಮಾರುವವರು ಈ ವ್ಯತ್ಯಾಸವನ್ನು ಹೇಳದೆ ‘ಕಳೆಯೇ ಬರುವುದಿಲ್ಲ ಸಾರ್’ ಎಂದು ಚೀಲ ಕಟ್ಟಿಕೊಡುವುದರಿಂದ, ಕೊಳ್ಳುವವರು ಮೊದಲು ತಮ್ಮ ಕುಂಡದಲ್ಲಿರುವುದು ಯಾವ ಕಳೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ತಾರಸಿಯ ಕುಂಡಗಳಲ್ಲಿ ಸಾಮಾನ್ಯವಾಗಿ ಕಾಣುವವು ಮೂರೆಲೆಯ, ಹಳದಿ ಹೂವಿನ ಪುಲ್ಲಂಪುರಚಿ, ನೆಲನೆಲ್ಲಿ, ಹಾಲು ಒಸರುವ ಅಚ್ಚೆಗಿಡ, ಗರಿಕೆ ಮತ್ತು ಕೊನ್ನಾರಿ ಗೆಡ್ಡೆ. ಇವುಗಳಲ್ಲಿ ಹೆಚ್ಚಿನವು ಕೆಂಪು ಮಣ್ಣಿನ ಚೀಲದೊಂದಿಗೆ, ಅರೆಬೆಂದ ಸಗಣಿ ಗೊಬ್ಬರದೊಂದಿಗೆ ಅಥವಾ ನರ್ಸರಿಯಿಂದ ತಂದ ಗಿಡದ ಬುಡದಲ್ಲೇ ಮನೆ ಸೇರುತ್ತವೆ. ಪುಲ್ಲಂಪುರಚಿಯಂತಹ ಸಣ್ಣ ಬೀಜದ ಕಳೆಗಳು ಮೊಳೆಯಲು ಬೆಳಕು ಬೇಕು. ಒಂದೂವರೆ ಅಂಗುಲದಷ್ಟು ದಪ್ಪಕ್ಕೆ ಸಿಪ್ಪೆಯ ಚೂರು ಹರಡಿದರೆ ಮಣ್ಣಿನ ಮೇಲ್ಪದರಕ್ಕೆ ಬೆಳಕು ತಲುಪುವುದಿಲ್ಲ. ಹೇಗೋ ಮೊಳೆತ ಒಂದೆರಡು ಸಸಿಗಳೂ ಬಿಳಿಚಿಕೊಂಡು, ದಾರದಂತೆ ಸಪೂರವಾಗಿ ಎದ್ದು ಬರುತ್ತವೆ, ಎರಡು ಬೆರಳಿನಲ್ಲಿ ಎಳೆದರೆ ಬೇರುಸಹಿತ ಕೈಗೆ ಬರುತ್ತವೆ. ಮೊದಲು ಮಳೆಗಾಲದಲ್ಲಿ ವಾರ ಬಿಡದೆ ಮಾಡಬೇಕಾಗಿದ್ದ ಕಳೆ ಕೀಳುವ ಕೆಲಸ ಈಗ ಗಿಡಗಳಿಗೆ ನೀರು ಹಾಕುವಾಗಲೇ ಮುಗಿಯುತ್ತದೆ.

ಕೊನ್ನಾರಿ ಗೆಡ್ಡೆಯ ಕಥೆ ಬೇರೆ. ಅದರ ಸೂಜಿಯಂತಹ ಮೊಳಕೆ ಹೊದಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಚೂರುಗಳ ಸಂದಿಯಿಂದ ನೆಟ್ಟಗೆ ಮೇಲೆ ಬರುತ್ತದೆ. ಮೇಲಿನ ಹುಲ್ಲು ಕಿತ್ತರೆ ಮಣ್ಣಿನೊಳಗಿನ ಗೆಡ್ಡೆ ಮತ್ತೆ ಚಿಗುರುತ್ತದೆ. ಅದು ಇರುವ ಕುಂಡವನ್ನು ಮಗುಚಿ, ಮಣ್ಣನ್ನು ಹುಡಿ ಮಾಡಿ, ಗೆಡ್ಡೆಗಳನ್ನು ಒಂದೊಂದಾಗಿ ಆರಿಸಿ ಬಿಸಿಲಿನಲ್ಲಿ ಒಣಗಿಸಿದ ನಂತರವೇ ಹೊದಿಕೆಯ ಮಾತು. ಹೊಸ ಮಣ್ಣು ತಂದಾಗ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲನ್ನು ಬಳಸಿಕೊಂಡು, ಮಣ್ಣನ್ನು ಒದ್ದೆ ಮಾಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ನಾಲ್ಕರಿಂದ ಆರು ವಾರ ಬಿಗಿಯಾಗಿ ಮುಚ್ಚಿಟ್ಟರೆ ಮೇಲ್ಪದರದ ಬಹುಪಾಲು ಬೀಜಗಳು ಶಾಖಕ್ಕೆ ಸಾಯುತ್ತವೆ. ಆದರೆ ಕೊನ್ನಾರಿಯ ಗೆಡ್ಡೆ ಅದಕ್ಕೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ.

ಬಳಸುವ ಮುನ್ನ ಚೂರನ್ನು ತೊಳೆಯಲೇಬೇಕು. ತೆಂಗಿನ ಸಿಪ್ಪೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳೂ ಕಂದು ಬಣ್ಣದ ಟ್ಯಾನಿನ್ನೂ ಇರುತ್ತವೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಬೆಳಿಗ್ಗೆ ನೀರು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ಆ ನೀರು ಚೆಲ್ಲಿ, ಬಣ್ಣ ತಿಳಿಯಾಗುವ ತನಕ ಮತ್ತೆ ಒಂದೆರಡು ಬಾರಿ ತೊಳೆಯಬೇಕಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಮಣ್ಣಿಗೆ ಮೊದಲೇ ಲವಣದ ಹೊರೆ ಇರುವುದರಿಂದ ಈ ಕೆಲಸವನ್ನು ತಪ್ಪಿಸುವಂತಿಲ್ಲ. ಹಾಕುವಾಗ ಕಾಂಡದ ಸುತ್ತ ಎರಡು ಬೆರಳಿನಷ್ಟು ಜಾಗ ಬಿಡಬೇಕು. ಒದ್ದೆ ಚೂರು ಕಾಂಡಕ್ಕೆ ತಾಗಿಕೊಂಡೇ ಇದ್ದರೆ ಬುಡ ಕೊಳೆಯುತ್ತದೆ.

ಕಳೆಗಿಂತಲೂ ನೀರಿನ ವಿಷಯದಲ್ಲಿ ಇದರ ಉಪಕಾರ ದೊಡ್ಡದು ಎಂದು ನನಗೆ ಅನ್ನಿಸಿದ್ದು 2024ರ ಬೇಸಿಗೆಯಲ್ಲಿ. ಆ ಮಾರ್ಚ್‌ನಲ್ಲಿ ಜಲಮಂಡಳಿಯು ಗಿಡಗಳಿಗೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದರಿಂದ, ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ಗಿಡಗಳನ್ನು ಉಳಿಸಿಕೊಳ್ಳಬೇಕಾಗಿತ್ತು. ಹೊದಿಕೆ ಇದ್ದ ಕರಿಬೇವು, ದಾಸವಾಳಗಳು ದಿನ ಬಿಟ್ಟು ದಿನ ನೀರು ಕಂಡರೂ ಬಾಡಲಿಲ್ಲ. ಹೊದಿಕೆಯಿಲ್ಲದ ಕುಂಡಗಳ ಮಣ್ಣು ಸಂಜೆಯ ಹೊತ್ತಿಗೆ ಅಂಚು ಬಿಟ್ಟು ಬಿರಿಯುತ್ತಿತ್ತು. ಇದೇ ಗುಣ ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಯಲ್ಲಿ ಅವಗುಣವಾಗುತ್ತದೆ. ಕೆಳಗಿನ ಮಣ್ಣು ಆರುವುದೇ ಇಲ್ಲ, ಸಣ್ಣ ಕಪ್ಪು ನೊಣಗಳು ಏಳುತ್ತವೆ, ಚೂರಿನ ಅಡಿಯಲ್ಲಿ ಬಸವನಹುಳುಗಳು ಮನೆ ಮಾಡುತ್ತವೆ. ಆ ಎರಡು ತಿಂಗಳು ಅರ್ಧದಷ್ಟು ಚೂರನ್ನು ತೆಗೆದಿಡುವುದು ವಾಸಿ. ಹೊದಿಕೆಯ ಮೇಲ್ಭಾಗ ಒಣಗಿ ಕಂಡರೂ ಒಳಗೆ ಒದ್ದೆಯಿರಬಹುದಾದ್ದರಿಂದ, ಬೆರಳು ತೂರಿಸಿ ನೋಡದೆ ನೀರು ಹಾಕುವ ಅಭ್ಯಾಸವನ್ನಂತೂ ಬಿಡಬೇಕು.

ದೀರ್ಘಕಾಲ ಬಳಸಿದವರಿಗೆ ಮಾತ್ರ ಕಾಣುವ ಇನ್ನೊಂದು ಸಂಗತಿಯಿದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಹೆಚ್ಚಿರುವುದರಿಂದ ತೆಂಗಿನ ಸಿಪ್ಪೆ ಬೇಗ ಕೊಳೆಯುವುದಿಲ್ಲವೆಂಬುದು ನಿಜ, ಆದರೆ ಕಾಲಕ್ರಮದಲ್ಲಿ ಅದು ಪುಡಿಯಾಗುತ್ತದೆ, ಮತ್ತು ಪುಡಿಯಾದ ಹೊದಿಕೆ ತಾನೇ ಕಳೆಯ ಬೀಜಕ್ಕೆ ಒಳ್ಳೆಯ ಮಡಿಯಾಗುತ್ತದೆ. ಪುಲ್ಲಂಪುರಚಿಯ ಬಲಿತ ಕಾಯಿಯನ್ನು ಮುಟ್ಟಿದರೆ ಬೀಜಗಳು ಚಟಪಟನೆ ಸಿಡಿದು ಪಕ್ಕದ ಕುಂಡದವರೆಗೂ ಹಾರುತ್ತವೆ. ದಪ್ಪ ಚೂರಿನ ಮೇಲೆ ಬಿದ್ದವು ಒಣಗಿ ಹೋಗುತ್ತವೆ, ಪುಡಿಯ ಮೇಲೆ ಬಿದ್ದವು ಸೊಗಸಾಗಿ ಮೊಳೆಯುತ್ತವೆ. ಆದ್ದರಿಂದ ವರ್ಷಕ್ಕೊಮ್ಮೆ, ಮೇ ತಿಂಗಳ ಮಳೆಗೆ ಮುಂಚೆ, ಹಳೆಯ ಹೊದಿಕೆಯನ್ನು ಜರಡಿ ಹಿಡಿದು ಪುಡಿಯನ್ನು ಕಾಂಪೋಸ್ಟಿಗೆ ಹಾಕಿ, ದಪ್ಪ ಚೂರಿಗೆ ಹೊಸದನ್ನು ಬೆರೆಸಬೇಕಾಗುತ್ತದೆ. ಕೊಳ್ಳುವಾಗಲೂ ಹೆಬ್ಬೆರಳಿನ ಉಗುರಿನಷ್ಟಾದರೂ ದೊಡ್ಡದಾದ ಚೂರನ್ನೇ ಆರಿಸಬೇಕು. ಒಮ್ಮೆ ಆನ್‌ಲೈನಿನಲ್ಲಿ ತರಿಸಿದ ಚೀಲದ ಅಡಿಭಾಗವೆಲ್ಲ ಬರೀ ಪುಡಿ ಇತ್ತು. ಕೈಹಾಕಿ ನೋಡಿ ಕೊಳ್ಳುವ ನರ್ಸರಿಯೇ ಮೇಲು.

ಒಣ ಎಲೆ ಪುಕ್ಕಟೆಯಾಗಿ ಸಿಗುತ್ತದೆ, ಮಣ್ಣಿಗೂ ಹಿತ. ಆದರೆ ತಾರಸಿಯ ಆಷಾಢದ ಗಾಳಿಗೆ ಪಕ್ಕದ ಮನೆಯವರ ಅಂಗಳ ಸೇರುತ್ತದೆ. ಭತ್ತದ ಹೊಟ್ಟಿನ ಪಾಡೂ ಅದೇ. ಬಿಳಿ ಅಮೃತಶಿಲೆಯ ಕಲ್ಲು ನೋಡಲು ಚೆನ್ನ, ಆದರೆ ಅದು ನಿಧಾನವಾಗಿ ಕರಗಿ ಮಣ್ಣಿನ ಕ್ಷಾರೀಯತೆಯನ್ನು ಹೆಚ್ಚಿಸುವುದರಿಂದ ದಾಸವಾಳಕ್ಕೆ ಹೊಂದುವುದಿಲ್ಲ. ಕಲ್ಲೇ ಬೇಕೆನ್ನುವವರು ಕಳ್ಳಿ ಜಾತಿಯ ಗಿಡಗಳಿಗೆ ಗ್ರಾನೈಟಿನ ಬೇಬಿ ಜಲ್ಲಿ ಹಾಕಬಹುದು.

ಕಳೆಯ ಜಾಗವನ್ನು ಬೇರೊಂದು ಗಿಡಕ್ಕೇ ಬಿಟ್ಟುಕೊಡುವ ಉಪಾಯವನ್ನು ನಾನು ದೊಡ್ಡ ಡ್ರಮ್ಮುಗಳಿಗೆ ಮಾತ್ರ ಸೂಚಿಸುತ್ತೇನೆ. ನಿಂಬೆಗಿಡದ ಡ್ರಮ್ಮಿನಲ್ಲಿ ಹಬ್ಬಿಸಿದ ಒಂದೆಲಗ ಮಣ್ಣು ಕಾಣದಂತೆ ಮುಚ್ಚಿ, ಕಳೆಗೆ ಎಡೆ ಕೊಡದೆ, ತಂಬುಳಿಗೂ ಒದಗುತ್ತದೆ. ಬಿಸಿಲು ಜೋರಾಗಿರುವ ಕಡೆ ಹತ್ತು ಗಂಟೆ ಹೂವಿನ ಗಿಡ ಕಡಿಮೆ ನೀರಿನಲ್ಲಿ ಅದೇ ಕೆಲಸ ಮಾಡುತ್ತದೆ. ಆದರೆ ಹತ್ತು ಅಂಗುಲದ ಗುಲಾಬಿ ಕುಂಡದಲ್ಲಿ ಒಂದೆಲಗ ನೆಟ್ಟರೆ ನೀರು, ಗೊಬ್ಬರ ಎರಡಕ್ಕೂ ಪೈಪೋಟಿ ಶುರುವಾಗಿ, ಗುಲಾಬಿಯ ಮೊಗ್ಗು ಸಣ್ಣದಾಗುತ್ತ ಹೋಗುತ್ತದೆ. ಸಣ್ಣ ಕುಂಡಕ್ಕೆ ಸಿಪ್ಪೆಯ ಚೂರೇ ಸರಿ.

ಹೊದಿಕೆ ಹಾಕಿದ ಕುಂಡದಲ್ಲಿ ನಮಗೆ ಬೇಕಾದ ಬೀಜಗಳೂ ಮೊಳೆಯುವುದಿಲ್ಲ ಎಂಬುದನ್ನು ಕೊಳ್ಳುವವರು ಗಮನದಲ್ಲಿಡಬೇಕು. ತಾನಾಗಿಯೇ ಉದುರಿ ಹುಟ್ಟುವ ತುಳಸಿ, ಕರ್ಣಕುಂಡಲಗಳ ಸಸಿ ಬೇಕಿದ್ದರೆ ಆ ಕುಂಡಗಳನ್ನು ಬರಿದಾಗಿ ಬಿಟ್ಟು, ಅವುಗಳ ಕಳೆಯನ್ನು ಕೈಯಿಂದಲೇ ಕೀಳಬೇಕು. ನಮ್ಮ ತುಳಸಿ ಕುಂಡಕ್ಕೆ ಈವರೆಗೆ ಒಂದು ಹಿಡಿ ಚೂರನ್ನೂ ಹಾಕಿಲ್ಲ.