ಮೆಣಸಿನ ಬಳ್ಳಿಗೆ ಟ್ರೈಕೋಡರ್ಮಾ: ಮೂರು ಮಳೆಗಾಲದ ಅನುಭವ

ಗೋವಾದ ಫೋಂಡಾ ಹತ್ತಿರದ ನಮ್ಮ ಕುಳಾಗರದಲ್ಲಿ (ಅಡಿಕೆಯ ಮಿಶ್ರ ತೋಟ) ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ 120 ಇದ್ದವು. ನಾಲ್ಕು ವರ್ಷದ ಹಿಂದೆ ಒಂದೇ ಮಳೆಗಾಲದಲ್ಲಿ 23 ಸತ್ತವು. ಶೀಘ್ರ ಸೊರಗು ರೋಗ. ಹಸಿರಾಗಿದ್ದ ಬಳ್ಳಿ ನೋಡನೋಡುತ್ತ ಎಲೆ ಉದುರಿಸಿ, ಗಂಟಿನಲ್ಲಿ ಕಳಚಿ ಬೀಳುತ್ತದೆ. ಬೆಳೆಸಿದವರಿಗೆ ತುಂಬ ಸಂಕಟ. ಮರುವರ್ಷದಿಂದ ಟ್ರೈಕೋಡರ್ಮಾ ಪುಡಿ ಬಳಸುತ್ತಿದ್ದೇನೆ. ಟ್ರೈಕೋಡರ್ಮಾ ಎಂದರೆ ರೋಗಾಣುವನ್ನು ತಡೆಯುವ, ಮಣ್ಣಿನಲ್ಲಿರುವ ಒಂದು ಉಪಕಾರಿ ಬೂಷ್ಟು.

ಮೊದಲ ಪ್ಯಾಕೆಟ್ ದಂಡವಾಯಿತು. ಅಂಗಡಿಯವರು ಅದನ್ನು ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟಿದ್ದರು, ಅವಧಿ ಮುಗಿಯಲು ತಿಂಗಳಷ್ಟೇ ಉಳಿದಿತ್ತು. ಇದು ಜೀವ ಇರುವ ಸರಕು, ಬಿಸಿಗೆ ಸಾಯುತ್ತದೆ. ಈಗ ತಯಾರಾದ ತಾರೀಕು ನೋಡದೆ ಕೊಳ್ಳುವುದಿಲ್ಲ.

ಪುಡಿಯನ್ನು ಸುಮ್ನೆ ಬುಡಕ್ಕೆ ಎರಚಬೇಡಿ. ಮೇ ತಿಂಗಳಲ್ಲಿ 100 ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಪುಡಿ, ಜೊತೆಗೆ ಬೇವಿನ ಹಿಂಡಿ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಡುತ್ತೇನೆ. ನಡುವೆ ಒಮ್ಮೆ ಮಗುಚಬೇಕು. ಮೊದಲು ಬಿಳಿ, ಆಮೇಲೆ ಹಸಿರು ಬೂಷ್ಟು ಬರುತ್ತದೆ. ಎರಡು ವಾರದ ಮೇಲೆ ಬುಡಕ್ಕೆ ಹಾಕುತ್ತೇನೆ. ಮಳೆ ಹಿಡಿಯುವ ಮೊದಲೇ ಅದು ಬೇರಿನ ಸುತ್ತ ಜಾಗ ಹಿಡಿಯಬೇಕು, ಅಲ್ವಾ? ಅಲ್ಲಿ ಅದು ರೋಗಾಣುವಿಗೆ ಸಿಗಬೇಕಾದ ಆಹಾರವನ್ನು ತಾನೇ ತಿನ್ನುತ್ತದೆ. ರೋಗಾಣುವಿನ ಎಳೆಗೆ ಸುತ್ತಿಕೊಂಡು ಅದರ ಗೋಡೆಯನ್ನೂ ಕರಗಿಸುತ್ತದೆ. ಈ ರೋಗ ತರುವ ಫೈಟಾಫ್ಥೊರಾ ಅಣಬೆ ಜಾತಿಯದೇ ಅಲ್ಲ, ಪಾಚಿಯ ನೆಂಟ. ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ!

ಹಾಗಾಗಿ ನೀರು ನಿಲ್ಲುವ ಕಡೆ ಈ ಪುಡಿಯನ್ನು ನಂಬಿ ಕೂರಬೇಡಿ. ಮೊದಲ ವರ್ಷ 9, ಎರಡನೇ ವರ್ಷ 6 ಬಳ್ಳಿ ಹೋದವು. ಹೆಚ್ಚಿನವು ಕೆಳಗಿನ ಮೂಲೆಯವು. ಶಿರಸಿಯಿಂದ ಅಪ್ಪ ಫೋನಿನಲ್ಲಿ, "ತಮ್ಮಾ, ಮೊದಲು ಬಸಿಗಾಲುವೆ ತೆಗೆಸು" ಎಂದು ಹೇಳುತ್ತಲೇ ಇದ್ದರು. ತೆಗೆಸಿದ ಮೇಲೆ, ಕಳೆದ ಮಳೆಗಾಲದಲ್ಲಿ ಹೋದದ್ದು 2 ಮಾತ್ರ. ಇದರಲ್ಲಿ ಕಾಲುವೆಯ ಪಾಲು ಜಾಸ್ತಿ ಎಂದೇ ನನಗನಿಸುತ್ತದೆ.

ಸೊರಗಲು ಶುರುವಾದ ಬಳ್ಳಿಯನ್ನು ಟ್ರೈಕೋಡರ್ಮಾ ಉಳಿಸಲಿಲ್ಲ. ಎಲೆಗೆ 1% ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ, ತಾಮ್ರದ ಔಷಧಿ) ಸಿಂಪಡಿಸುವುದನ್ನು ನಾನು ಬಿಟ್ಟಿಲ್ಲ. ಆದರೆ ತಾಮ್ರದ ಔಷಧಿಯನ್ನು ಬುಡಕ್ಕೆ ಸುರಿದರೆ ಸಾಕಿದ ಜೀವಿಯೂ ಸಾಯಬಹುದು. ಸುರಿಯಲೇಬೇಕಾದರೆ ನಾನು ಹದಿನೈದು ದಿನ ಅಂತರ ಬಿಡುತ್ತೇನೆ, ಆಮೇಲೆ ಗೊಬ್ಬರದ ಜೊತೆ ಮತ್ತೆ ಹಾಕುತ್ತೇನೆ. ಆಗಸ್ಟ್ ಕೊನೆಗೆ ಇನ್ನೊಂದು ಸುತ್ತು ಹೇಗೂ ಬೇಕೇ ಬೇಕು.